ವಾಫಸಾ ಬಂತಾ? ಮಣ್ಣಿನ ನೀರು ಅಳೆದು ಬೆಳೆಗೆ ನೀರು ಬಿಡುವ ಬಗೆ

ಪುಣೆ ಹತ್ತಿರದ ಸಾಸವಡ ದಾಟಿ ಸ್ವಲ್ಪ ಮುಂದೆ ನಮ್ಮದೊಂದು ಮೂವತ್ತು ಗುಂಟೆ ಹೊಲ ಇದೆ. ನಾನು ವಿಜಾಪುರ ಕಡೆಯ ಒಕ್ಕಲುತನದ ಮನೆಯವನು. ಹೊಟ್ಟೆಪಾಡು ಮಾತ್ರ ಪಿಂಪ್ರಿ-ಚಿಂಚವಡದ್ದು. ಶನಿವಾರ ಮಧ್ಯಾಹ್ನ ದಿವೇ ಘಾಟ್ ಹತ್ತಿದರೆ ಭಾನುವಾರ ಸಂಜೆ ಇಳಿಯುತ್ತೇನೆ. ಅಂದರೆ ವಾರಕ್ಕೆ ಒಂದೂವರೆ ದಿನದ ಒಕ್ಕಲಿಗ. ಉಳಿದ ದಿನ ಮೋಟಾರು ಹಾಕಲು ಅಲ್ಲೇ ಊರಿನ ಹುಡುಗನೊಬ್ಬ ಇದ್ದಾನೆ.

ಮೊದಲ ವರ್ಷ ಟೊಮೆಟೊ ಹಾಕಿದೆ. ಹೊಲದ ಮೇಲಿನ ಹತ್ತು ಗುಂಟೆ ಗರಸು, ಅಂದರೆ ಹರಳು ಬೆರೆತ ಮಣ್ಣು. ಇಲ್ಲಿಯವರು ಅದನ್ನು ಮುರುಮ್ ಅನ್ನುತ್ತಾರೆ. ಕೆಳಗಿನ ಇಪ್ಪತ್ತು ಗುಂಟೆ ನಮ್ಮೂರಿನಂಥದ್ದೇ ಎರೆಮಣ್ಣು. ಎರಡಕ್ಕೂ ಒಂದೇ ಡ್ರಿಪ್ (ಹನಿ ನೀರಾವರಿ), ದಿನಕ್ಕೆ ಒಂದು ತಾಸು ನೀರು. ತಿಂಗಳೊಳಗೆ ಮೇಲಿನ ಗಿಡ ಮಧ್ಯಾಹ್ನ ಆಗುತ್ತಿದ್ದಂತೆ ಎಲೆ ಮುದುಡತೊಡಗಿತು. ಕೆಳಗಿನ ಗಿಡ ಹಳದಿಯಾಯಿತು. ನೀರು ಸಾಲದು ಅಂದುಕೊಂಡು ಎರಡಕ್ಕೂ ಒಂದೂವರೆ ತಾಸು ಮಾಡಿದೆ. ಕೆಳಗಿನ ಗಿಡ ಬೇರು ಕೊಳೆತು ಸತ್ತಿತು.

ಪಕ್ಕದ ಹೊಲದ ಅಜೋಬಾ, ಅಂದರೆ ಅಜ್ಜ, ಒಂದು ದಿನ ಬಂದು ಕುಕ್ಕರಗಾಲಲ್ಲಿ ಕೂತರು. ಗಿಡದ ಬುಡದಿಂದ ಒಂದು ಗೇಣು ಆಚೆ ಕೈ ಹಾಕಿ ಮಣ್ಣು ಕಿತ್ತರು, ಹಿಸುಕಿದರು. ಬೆರಳ ಸಂದಿಯಿಂದ ಕೆಸರು ಬಂತು. "ವಾಫಸಾ ಕುಠೇ ಆಹೇ?" ಅಂತ ನನ್ನ ಮುಖ ನೋಡಿದರು. ವಾಫಸಾ ಎಲ್ಲಿದೆ ಅಂತ.

ವಾಫಸಾ ಅಂದರೆ ನಮ್ಮ ಹದ. ಮೈಸೂರು ಕಡೆ ಬೆದೆ ಅನ್ನುತ್ತಾರಲ್ಲ, ಅದೇ. ಮಣ್ಣಿನಲ್ಲಿ ನೀರೂ ಇರಬೇಕು, ಉಸಿರಾಡಲು ಗಾಳಿಯೂ ಇರಬೇಕು. ನೀರಾವರಿ ಅಂದರೆ ಈ ಹದವನ್ನು ಕಾಯುವ ಕೆಲಸ. ಕ್ಯಾಲೆಂಡರ್ ನೋಡಿ ಕಾಯಲು ಆಗುವುದಿಲ್ಲ. ಅಳೆಯಲೇಬೇಕು. ಅಳೆಯಲು ದೊಡ್ಡ ಖರ್ಚೂ ಇಲ್ಲ. ಪುಣೆ ಸುತ್ತ ತುಂಡು ಜಮೀನು ಇಟ್ಟುಕೊಂಡಿರುವ ನಮ್ಮವರು ಬಹಳ ಮಂದಿ ಇದ್ದಾರೆ, ಅವರಿಗೆ ಅಂತ ನಾನು ಮಾಡುವುದನ್ನು ಮಾಡುವ ಕ್ರಮದಲ್ಲೇ ಬರೆದಿದ್ದೇನೆ.

ಮೊದಲು ಮೂರು ಮಟ್ಟ ತಿಳಿದುಕೊಳ್ಳಿ

ಮಳೆಗಾಲದಲ್ಲಿ ಬಾಲ್ಕನಿಯ ಹಗ್ಗಕ್ಕೆ ಒಂದು ಜೀನ್ಸ್ ಪ್ಯಾಂಟು, ಒಂದು ತೆಳು ಪಂಚೆ ಹಿಂಡದೆ ಹಾಕಿದ್ದೀರಿ ಅನ್ನಿ. ಮೊದಲು ಎರಡರಿಂದಲೂ ನೀರು ತೊಟ್ಟಿಕ್ಕುತ್ತದೆ. ಆಮೇಲೆ ನಿಲ್ಲುತ್ತದೆ, ಬಟ್ಟೆ ಮಾತ್ರ ಒದ್ದೆಯೇ ಇರುತ್ತದೆ. ಮಣ್ಣಿನಲ್ಲಿ ಈ ಸ್ಥಿತಿಯೇ ಹದ. ಪುಸ್ತಕದಲ್ಲಿ ಇದನ್ನು ಫೀಲ್ಡ್ ಕೆಪಾಸಿಟಿ ಅನ್ನುತ್ತಾರೆ. ಈಗ ಬಟ್ಟೆ ಹಿಂಡಿ. ಮೊದಲು ಸುಲಭವಾಗಿ ನೀರು ಬರುತ್ತದೆ, ಆಮೇಲೆ ಕೈ ನೋಯುತ್ತದೆ. ಬೇರು ಮಾಡುವುದು ಈ ಹಿಂಡುವ ಕೆಲಸವನ್ನೇ. ಎಷ್ಟು ಹಿಂಡಿದರೂ ಒಂದು ತೊಟ್ಟೂ ಬಾರದ ಹಂತದಲ್ಲಿ ಗಿಡ ಬಾಡಿ, ರಾತ್ರಿ ಕಳೆದರೂ ತಲೆ ಎತ್ತುವುದಿಲ್ಲ. ಅದು ಬಾಡುವ ಮಟ್ಟ. ಹದಕ್ಕೂ ಬಾಡುವ ಮಟ್ಟಕ್ಕೂ ನಡುವೆ ಇರುವ ನೀರಷ್ಟೇ ಬೆಳೆಯ ಪಾಲು.

ಎರೆಮಣ್ಣು ಜೀನ್ಸ್ ಇದ್ದ ಹಾಗೆ. ತುಂಬ ಹಿಡಿಯುತ್ತದೆ, ಆದರೆ ಬಿಡುವುದು ಅದರಲ್ಲಿ ಸುಮಾರು ಅರ್ಧವನ್ನು ಮಾತ್ರ. ಗರಸು ಪಂಚೆ. ಹಿಡಿಯುವುದೇ ಕಮ್ಮಿ, ಬೇಗ ಖಾಲಿ.

ಆ ಅರ್ಧದಲ್ಲೂ ಪೂರ್ತಿ ಖಾಲಿಯಾಗುವವರೆಗೆ ಕಾಯಬಾರದು. ಟೊಮೆಟೊ ತನ್ನ ಪಾಲಿನ ಶೇ. 40ರಷ್ಟು ಮುಗಿದಾಗಲೇ ನೀರು ಕೇಳುತ್ತದೆ. ಈರುಳ್ಳಿ ಇನ್ನೂ ನಾಜೂಕು, ಅದಕ್ಕೆ ಶೇ. 30. ಜೋಳ ಶೇ. 55ರವರೆಗೂ, ಕಬ್ಬು ಶೇ. 65ರವರೆಗೂ ತಡೆಯುತ್ತವೆ. ಇವು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1998ರಲ್ಲಿ ಹೊರತಂದ ನೀರಾವರಿ ಲೆಕ್ಕದ ಅಂಕಿಗಳು. ಬಿಸಿಲು ಜೋರಾಗಿದ್ದರೆ ಸ್ವಲ್ಪ ಇಳಿಸಿಕೊಳ್ಳಿ, ಚಳಿಗಾಲದಲ್ಲಿ ಸ್ವಲ್ಪ ಏರಿಸಿ.

ಗುಂಟೆಯ ಲೆಕ್ಕ

ನೀರನ್ನು ಮಳೆಯಂತೆ ಮಿಲಿಮೀಟರಿನಲ್ಲಿ ಎಣಿಸುವುದನ್ನು ರೂಢಿ ಮಾಡಿಕೊಳ್ಳಿ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ನೀರು ಅಂದರೆ ಸರಿಯಾಗಿ 1 ಲೀಟರ್. ಒಂದು ಗುಂಟೆ ಸುಮಾರು 101 ಚದರ ಮೀಟರ್. ಹಾಗಾಗಿ ಗುಂಟೆಗೆ 1 ಮಿ.ಮೀ. ಅಂದರೆ 100 ಲೀಟರ್ ಅನ್ನಿ. ಎಕರೆಗೆ 4,000 ಲೀಟರ್. ಇಷ್ಟು ತಲೆಯಲ್ಲಿದ್ದರೆ ಟ್ಯಾಂಕು, ಮಳೆ, ಡ್ರಿಪ್ ಎಲ್ಲ ಒಂದೇ ಭಾಷೆಗೆ ಬರುತ್ತವೆ. ನಮ್ಮ ಎರಡೂ ಊರಲ್ಲಿ ಗುಂಟೆ ಒಂದೇ ಅಳತೆಯದ್ದು ಅನ್ನುವುದು ನನಗಂತೂ ದೊಡ್ಡ ಅನುಕೂಲ!

ಗುಂಡಿ ತೋಡಿ

ಯಾವ ಮೀಟರ್ ಕೊಳ್ಳುವ ಮೊದಲೂ ಹಾರೆ, ಸಲಿಕೆ ತೆಗೆದುಕೊಂಡು ಎರಡು ಅಡಿ ಗುಂಡಿ ತೋಡಿ. ಮಣ್ಣು ಬೇರೆ ಬೇರೆ ಕಾಣುವ ಕಡೆಯೆಲ್ಲ ಒಂದೊಂದು. ಮೂರು ಸಂಗತಿ ನೋಡಿ. ಮಣ್ಣು ಎಷ್ಟು ಆಳ ಇದೆ? ಬೇರು ಎಲ್ಲಿವರೆಗೆ ಇಳಿದಿದೆ? ನಡುವೆ ಗಟ್ಟಿ ಪದರ ಇದೆಯಾ?

ನಮ್ಮ ಮೇಲಿನ ತುಂಡಿನಲ್ಲಿ 25 ಸೆಂ.ಮೀ.ಗೇ ಹಾರೆ ಟಣ್ ಅಂತು. ಅದರ ಕೆಳಗೆ ಕೊಳೆತ ಕಲ್ಲು. ಕೆಳಗಿನ ತುಂಡಿನಲ್ಲಿ 60 ಸೆಂ.ಮೀ. ದಾಟಿದರೂ ಎರೆಮಣ್ಣೇ. ನಾನು ಡ್ರಿಪ್ ಹಾಕಿಸುವ ಮೊದಲು ಈ ಅರ್ಧ ದಿನದ ಕೆಲಸ ಮಾಡಿದ್ದರೆ ಆ ಟೊಮೆಟೊ ಉಳಿಯುತ್ತಿತ್ತು. ಡ್ರಿಪ್ ಹಾಕಿದ ಅಂಗಡಿಯವನು ಮಣ್ಣಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಗರಸಿನಲ್ಲಿ ಇನ್ನೊಂದು ಮಾತು. ಒಂದು ಬುಟ್ಟಿ ಮಣ್ಣನ್ನು ಜರಡಿ ಹಿಡಿದು ಹರಳು ಎಷ್ಟಿದೆ ನೋಡಿ. ಹರಳು ನೀರು ಹಿಡಿಯುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಮೂರರಲ್ಲಿ ಒಂದು ಪಾಲು ಹರಳಿದ್ದರೆ ನಿಮ್ಮ ನೀರಿನ ಲೆಕ್ಕದಿಂದಲೂ ಮೂರರಲ್ಲಿ ಒಂದು ಪಾಲು ಕಳೆಯಿರಿ.

ಕೈಯಿಂದ ಅಳೆಯುವುದು

ಇದು ಅಜೋಬಾ ಮಾಡಿದ್ದೇ. ನಿತ್ಯದ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ವಿಧಾನ ನನಗೆ ಗೊತ್ತಿಲ್ಲ. ಮಣ್ಣು ತೆಗೆಯುವ ಜಾಗ ಮಾತ್ರ ಮುಖ್ಯ. ಡ್ರಿಪ್ಪರ್ ಕೆಳಗೇ ತೆಗೆದರೆ ಯಾವಾಗಲೂ ಹಸಿ ಇರುತ್ತದೆ. ಒಂದು ಗೇಣು ಪಕ್ಕಕ್ಕೆ ಬನ್ನಿ. ಮೇಲಿನ ನಾಲ್ಕು ಬೆರಳು ಮಣ್ಣು ಸರಿಸಿ. 15 ಸೆಂ.ಮೀ.ಗೆ ಒಂದು, 30ಕ್ಕೆ ಒಂದು, ಎರೆಯಾದರೆ 45ಕ್ಕೆ ಇನ್ನೊಂದು ಮುಷ್ಟಿ. ಮಣ್ಣು ಕೊರೆಯುವ ಆಗರ್ ಇದ್ದರೆ ಸುಲಭ.

ಎರೆಮಣ್ಣನ್ನು ಹಿಸುಕಿ ಉಂಡೆ ಕಟ್ಟಿ. ನೀರು ಇಳಿಯದೆ, ಅಂಗೈಯಲ್ಲಿ ಒದ್ದೆ ಗುರುತು ಮಾತ್ರ ಉಳಿದರೆ ಹದದಲ್ಲಿದೆ. ಹೆಬ್ಬೆರಳು, ತೋರುಬೆರಳ ನಡುವೆ ಒತ್ತುತ್ತಾ ಹೋದರೆ ಎರಡು ಇಂಚಿನ ಪಟ್ಟಿ ಬರುತ್ತದೆ. ಉಂಡೆ ಚೆನ್ನಾಗಿ ಕಟ್ಟಿ, ಪಟ್ಟಿಯೂ ಬಂದು, ಅಂಗೈ ಒಣಗೇ ಉಳಿದರೆ ಅರ್ಧದಿಂದ ಮುಕ್ಕಾಲು ಪಾಲು ನೀರಿದೆ. ಉಂಡೆ ಕಟ್ಟಿದರೂ ಪಟ್ಟಿ ಬಿರುಕು ಬಿಟ್ಟು ತುಂಡಾದರೆ ಅರ್ಧಕ್ಕಿಂತ ಕೆಳಗೆ ಬಂದಿದೆ, ನೀರು ಬಿಡಿ. ಹೆಂಟೆ ಹೆಂಟೆಯಾಗಿ ಪುಡಿಯಾದರೆ ತಡವಾಗಿದೆ.

ಗರಸಿನಲ್ಲಿ ಪಟ್ಟಿಯ ಮಾತೇ ಇಲ್ಲ. ಉಂಡೆ ಕಟ್ಟಿ ಅಂಗೈ ಮೇಲೆ ಎರಡು ಸಲ ಮೆಲ್ಲಗೆ ಹಾರಿಸಿ. ಒಡೆಯದಿದ್ದರೆ ಹದ. ಒಡೆದರೆ ಅರ್ಧದ ಹತ್ತಿರ. ಉಂಡೆಯೇ ಕಟ್ಟದಿದ್ದರೆ ಇವತ್ತೇ ಮೋಟಾರು ಹಾಕಿ.

ಇನ್ನೊಂದು ಸುಲಭದ ಸಾಧನ ಕಬ್ಬಿಣದ ಸಲಾಕೆ. ನೀರು ಬಿಟ್ಟ ಮರುದಿನ ಒತ್ತಿ ನೋಡಿ. ಹಸಿ ಇರುವವರೆಗೆ ಸರಾಗ ಇಳಿಯುತ್ತದೆ, ಒಣ ಮಣ್ಣು ಸಿಕ್ಕಲ್ಲಿ ನಿಲ್ಲುತ್ತದೆ. ನೀರು ಎಷ್ಟು ಆಳಕ್ಕೆ ಹೋಯಿತು ಅಂತ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಸಲಾಕೆಗೆ ಒಂದೊಂದು ಗೇಣಿಗೂ ಬಣ್ಣದ ಗೆರೆ ಹಾಕಿಕೊಳ್ಳಿ.

ಒಮ್ಮೆಯಾದರೂ ತೂಕ ಮಾಡಿ ಅಳೆಯಿರಿ

ಕೈ ಅಂದಾಜನ್ನು ಅಂಕಿಗೆ ಕಟ್ಟಲು ಇದು ಬೇಕು. ವರ್ಷಕ್ಕೆ ಒಂದೆರಡು ಸಲ ಸಾಕು. ಬೇಕಾಗುವುದು ಅಡುಗೆಮನೆಯ ಡಿಜಿಟಲ್ ತಕ್ಕಡಿ, ಒಂದು ಡಬ್ಬಿ, ಒಂದು ಓವನ್.

ಮೊದಲು ಹದದ ಅಂಕಿ. ಖಾಲಿ ಜಾಗದಲ್ಲಿ ಒಂದು ಮೀಟರ್ ಚೌಕದ ಮಡಿ ಕಟ್ಟಿ ನೀರು ತುಂಬಿ ನಿಲ್ಲಿಸಿ. ಇಂಗಿದ ಮೇಲೆ ಮತ್ತೊಮ್ಮೆ ತುಂಬಿ. ಆಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಮೇಲೆ ಹುಲ್ಲು ಹಾಕಿ, ಬಿಸಿಲಿಗೆ ಆರಬಾರದು. ಗರಸಾದರೆ ಎರಡು ದಿನ, ಎರೆಯಾದರೆ ಮೂರು-ನಾಲ್ಕು ದಿನ ಬಿಡಿ. ಹೆಚ್ಚುವರಿ ನೀರೆಲ್ಲ ಕೆಳಗೆ ಬಸಿದು ಹೋಗಿರುತ್ತದೆ. ಈಗ ಬೇರಿನ ಆಳದಿಂದ ಮಣ್ಣು ತೆಗೆದು ತಕ್ಷಣ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ.

ಮನೆಗೆ ಬಂದು ತೂಗಿ, 105 ಡಿಗ್ರಿಯಲ್ಲಿ ಒಣಗಿಸಿ. ಪ್ರಯೋಗಾಲಯದಲ್ಲಿ 24 ತಾಸು ಇಡುತ್ತಾರೆ. ನಾನು ಮಣ್ಣನ್ನು ತೆಳುವಾಗಿ ಹರಡಿ ಓ.ಟಿ.ಜಿ.ಯಲ್ಲಿ ಇಡುತ್ತೇನೆ. ಮಧ್ಯೆ ಮಧ್ಯೆ ತೂಗಿ, ಎರಡು ತೂಕದ ನಡುವೆ ವ್ಯತ್ಯಾಸ ಬಾರದಾದಾಗ ನಿಲ್ಲಿಸುತ್ತೇನೆ. ಮೊದಲ ಮಳೆಯ ವಾಸನೆ ಮನೆಯೆಲ್ಲ ತುಂಬುತ್ತದೆ. ಮೊದಲ ಸಲ ಎಲ್ಲರಿಗೂ ಖುಷಿಯಾಗಿತ್ತು. ಮೂರನೇ ಸಲಕ್ಕೆ, ಈ ಓವನ್‌ನಲ್ಲಿ ಇನ್ನು ಮೇಲೆ ಕೇಕ್ ಮಾಡುವುದಿಲ್ಲ ಅಂತ ಮನೆಯಲ್ಲಿ ಘೋಷಣೆಯಾಯಿತು.

ನಮ್ಮ ಎರೆಯ ಲೆಕ್ಕ ನೋಡಿ. ಹಸಿ ಮಣ್ಣು 266 ಗ್ರಾಂ, ಒಣಗಿದ್ದು 200 ಗ್ರಾಂ. ಹೋದ ನೀರು 66 ಗ್ರಾಂ. 66 ಭಾಗಿಸು 200, ಅಂದರೆ ಶೇ. 33. ಗಮನಿಸಿ, ಒಣ ತೂಕದಿಂದ ಭಾಗಿಸಬೇಕು, ಹಸಿ ತೂಕದಿಂದ ಅಲ್ಲ.

ಇದು ತೂಕದ ಲೆಕ್ಕ. ಮಿಲಿಮೀಟರಿಗೆ ತರಲು ಮಣ್ಣು ಎಷ್ಟು ಒತ್ತಾಗಿದೆ ಅಂತ ಗೊತ್ತಿರಬೇಕು. ಎರಡೂ ಕಡೆ ತೆರೆದ ಒಂದು ತಗಡಿನ ಡಬ್ಬಿಯನ್ನು ಹಸಿ ಇರುವಾಗಲೇ ಮಣ್ಣಿಗೆ ಮೆಲ್ಲಗೆ ಬಡಿದು ಇಳಿಸಿ, ಸುತ್ತ ಅಗೆದು ತೆಗೆದು, ಎರಡೂ ಬಾಯಿ ಚಾಕುವಿನಿಂದ ಸಮ ಮಾಡಿ. ನನ್ನ ಡಬ್ಬಿ 7 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರ, ಅಂದರೆ ಸುಮಾರು 385 ಮಿ.ಲೀ. ಅದರೊಳಗಿನ ಮಣ್ಣು ಒಣಗಿದ ಮೇಲೆ 462 ಗ್ರಾಂ ತೂಗಿತು. 462 ಭಾಗಿಸು 385, ಅಂದರೆ 1.2. ಈಗ ಶೇ. 33ನ್ನು 1.2ರಿಂದ ಗುಣಿಸಿ. ಹತ್ತಿರ ಹತ್ತಿರ ಶೇ. 40. ಒಂದು ಮೀಟರ್ ಆಳದ ಮಣ್ಣಿನಲ್ಲಿ 400 ಮಿ.ಮೀ. ನೀರು.

ಬಾಡುವ ಮಟ್ಟವನ್ನು ಮನೆಯಲ್ಲಿ ಅಳೆಯಬೇಕೆಂದರೆ ಕುಂಡದಲ್ಲಿ ಸೂರ್ಯಕಾಂತಿ ಬೆಳೆದು, ಅದು ರಾತ್ರಿಯೂ ಚೇತರಿಸದಷ್ಟು ಬಾಡಿದಾಗ ಮಣ್ಣು ತೂಗಬೇಕು. ಹಳೆಯ ವಿಧಾನ, ಚೆನ್ನಾಗಿದೆ, ಆದರೆ ತಾಳ್ಮೆ ಬೇಕು. ಹದದ ಅರ್ಧ ಅಂತ ಇಟ್ಟುಕೊಂಡರೆ ನಮ್ಮ ಕೆಲಸ ನಡೆಯುತ್ತದೆ. ಹಾಗಾದರೆ ಬೆಳೆಯ ಪಾಲು ಮೀಟರಿಗೆ 200 ಮಿ.ಮೀ. 60 ಸೆಂ.ಮೀ. ಬೇರಿಗೆ 120 ಮಿ.ಮೀ. ಟೊಮೆಟೊ ಮುಟ್ಟಬಹುದಾದದ್ದು ಅದರ ಶೇ. 40, ಅಂದರೆ 48 ಮಿ.ಮೀ.

ಈಗ ಗರಸು. ತೂಕದಲ್ಲಿ ಶೇ. 12 ಬಂತು, ಒತ್ತು 1.5. ಗುಣಿಸಿದರೆ ಶೇ. 18, ಅರ್ಧ ಬೆಳೆಯ ಪಾಲು, ಶೇ. 9. 25 ಸೆಂ.ಮೀ. ಆಳಕ್ಕೆ ಸುಮಾರು 22 ಮಿ.ಮೀ. ಅದರ ಶೇ. 40 ಅಂದರೆ 9. ಮೂರರಲ್ಲಿ ಒಂದು ಪಾಲು ಹರಳು ಕಳೆದರೆ 6 ಮಿ.ಮೀ.

ಒಂದು ಕಡೆ 48, ಇನ್ನೊಂದು ಕಡೆ 6. ಒಂದೇ ಹೊಲ, ಒಂದೇ ಬೆಳೆ, ಒಂದೇ ಮೋಟಾರು. ಈ ಎರಡು ಅಂಕಿಯನ್ನು ನಾನು ಮೋಟಾರು ಡಬ್ಬಿಯ ಬಾಗಿಲ ಒಳಗೆ ಸೀಮೆಸುಣ್ಣದಲ್ಲಿ ಬರೆದಿದ್ದೇನೆ.

ದಿನದ ಖರ್ಚು ಎಷ್ಟು

ಜಮೆ ಗೊತ್ತಾಯಿತು. ಖರ್ಚು ಆಕಾಶ ನೋಡಿ ಹೇಳಬೇಕು. ಈ ವಿದ್ಯೆಗೆ ನಮ್ಮ ದೇಶದಲ್ಲಿ ಪುಣೆಯೇ ತವರು. ಹವಾಮಾನ ಇಲಾಖೆಯ ಕೃಷಿ ಹವಾಮಾನ ವಿಭಾಗ 1932ರಲ್ಲಿ ಎಲ್. ಎ. ರಾಮದಾಸ್ ಅವರ ಮುಂದಾಳತ್ವದಲ್ಲಿ ಶುರುವಾದದ್ದು ಇಲ್ಲೇ. ವೀಕ್ಷಣಾಲಯದಲ್ಲಿ ಸುಮಾರು 4 ಅಡಿ ಅಗಲ, 10 ಇಂಚು ಆಳದ ಒಂದು ಲೋಹದ ತಟ್ಟೆಯಲ್ಲಿ ನೀರಿಟ್ಟು, ದಿನಕ್ಕೆ ಎಷ್ಟು ಮಿ.ಮೀ. ಆವಿಯಾಯಿತು ಅಂತ ಅಳೆಯುತ್ತಾರೆ. ಆ ಅಂಕಿಯನ್ನು 0.7ರಿಂದ ಗುಣಿಸಿ, ಆಮೇಲೆ ಬೆಳೆಯ ಗುಣಾಂಕದಿಂದ (ಆ ವಯಸ್ಸಿನಲ್ಲಿ ಬೆಳೆ ಎಷ್ಟು ಕುಡಿಯುತ್ತದೆ ಅನ್ನುವ ಅಂಕಿ) ಗುಣಿಸಿದರೆ ಆ ದಿನ ಬೆಳೆ ಕುಡಿದ ನೀರು ಸಿಗುತ್ತದೆ. ಟೊಮೆಟೊಗೆ ಗಿಡ ಎಳೆಯದಾಗಿರುವಾಗ 0.6, ಹೂವು-ಕಾಯಿಯ ಹೊತ್ತಿಗೆ 1.15, ಕೊನೆಗೆ 0.8.

ಫೆಬ್ರವರಿಯ ಒಂದು ದಿನ ತಟ್ಟೆಯಿಂದ 6 ಮಿ.ಮೀ. ಹೋಗಿದೆ ಅನ್ನಿ. 6 ಗುಣಿಸು 0.7, 4.2. ಗುಣಿಸು 1.15, ಸುಮಾರು 4.8 ಮಿ.ಮೀ. ತುಂಬು ಕಾಯಿಯ ಟೊಮೆಟೊ ದಿನಕ್ಕೆ ಗುಂಟೆಗೆ 480 ಲೀಟರ್ ಕುಡಿಯಿತು.

ಈಗ ಮೇಲಿನ ಎರಡು ಅಂಕಿಯನ್ನು ಭಾಗಿಸಿ. ಎರೆಯಲ್ಲಿ 48 ಭಾಗಿಸು 4.8, ಹತ್ತು ದಿನ. ಗರಸಿನಲ್ಲಿ ಒಂದೂಕಾಲು ದಿನ. ನಾನು ಎರಡಕ್ಕೂ ದಿನಾ ಬಿಡುತ್ತಿದ್ದೆ! ಒಂದು ತಿದ್ದುಪಡಿ: ಡ್ರಿಪ್ ಇಡೀ ನೆಲವನ್ನು ನೆನೆಸುವುದಿಲ್ಲ. ಅರ್ಧ ನೆಲ ಮಾತ್ರ ಹಸಿಯಾಗುತ್ತಿದ್ದರೆ ಹತ್ತು ದಿನ ಐದಾಗುತ್ತದೆ. ಗರಸಿನಲ್ಲಿ ದಿನಕ್ಕೆ ಎರಡು ಸಲ ಸ್ವಲ್ಪ ಸ್ವಲ್ಪ ಕೊಡಬೇಕಾಗುತ್ತದೆ.

ಜಿಲ್ಲೆಯ ಕೃಷಿ ಹವಾಮಾನ ವರದಿ ಮಂಗಳವಾರ, ಶುಕ್ರವಾರ ಬರುತ್ತದೆ, ಮುಂದಿನ ಐದು ದಿನದ ಮಳೆಯ ಅಂದಾಜಿಗಾಗಿ ಅದನ್ನು ನೋಡಿ. ಹೊಲದಲ್ಲೇ ಅಗಲ ಬಾಯಿಯ ಪಾತ್ರೆಯಲ್ಲಿ ನೀರಿಟ್ಟು, ಹಕ್ಕಿ ಕುಡಿಯದಂತೆ ಜಾಲರಿ ಕಟ್ಟಿ, ದಿನಕ್ಕೆ ಎಷ್ಟು ಆವಿಯಾಯಿತು ಅಂತ ಸ್ಕೇಲಿನಿಂದ ಅಳೆಯಬಹುದು. ಸಣ್ಣ ಪಾತ್ರೆ ಬೇಗ ಕಾಯುತ್ತದೆ, ಅದಕ್ಕೆ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ. ಆದರೂ ನಿನ್ನೆಗಿಂತ ಇವತ್ತು ಹೆಚ್ಚೋ ಕಡಿಮೆಯೋ ಅನ್ನುವುದು ತಿಳಿಯುತ್ತದೆ. ಇಲ್ಲಿ ಡಿಸೆಂಬರಿನ ಖರ್ಚಿನ ಸುಮಾರು ದುಪ್ಪಟ್ಟು ಏಪ್ರಿಲ್-ಮೇನಲ್ಲಿ ಇರುತ್ತದೆ. ಚಳಿಗಾಲದಲ್ಲಿ ಹೊಂದಿಸಿದ ಟೈಮರನ್ನು ಬೇಸಿಗೆವರೆಗೂ ಮುಟ್ಟದವರು ನನ್ನ ಗುರುತಿನಲ್ಲೇ ಮೂವರಿದ್ದಾರೆ.

ಲೆಕ್ಕವನ್ನು ಕಿರಾಣಿ ಅಂಗಡಿಯ ಉದ್ರಿ ಪುಸ್ತಕದ ಹಾಗೆ ಬರೆಯಿರಿ. ಮಣ್ಣು ಹದದಲ್ಲಿದ್ದ ದಿನ ಬಾಕಿ ಸೊನ್ನೆ. ದಿನಾ 4.8 ಸೇರಿಸುತ್ತಾ ಹೋಗಿ. ಮೂರನೇ ದಿನಕ್ಕೆ 14.4. ನಾಲ್ಕನೇ ದಿನ 12 ಮಿ.ಮೀ. ಮಳೆ ಬಂತು, ಆ ದಿನದ ಖರ್ಚು 4.8, ಹಾಗಾಗಿ ಬಾಕಿ 7.2. ಅದೇ ದಿನ 40 ಮಿ.ಮೀ. ಬಂದಿದ್ದರೆ? ಬಾಕಿ ಸೊನ್ನೆ, ಅಷ್ಟೇ. ಹೆಚ್ಚಿನದು ಕೆಳಗೆ ಬಸಿದು ಅಥವಾ ಹರಿದು ಹೋಯಿತು, ಅದನ್ನು ಮುಂದಿನ ವಾರಕ್ಕೆ ಜಮೆ ಮಾಡಿಕೊಳ್ಳಬೇಡಿ. ಬೇಸಿಗೆಯಲ್ಲಿ 5 ಮಿ.ಮೀ.ಗಿಂತ ಕಮ್ಮಿ ಬಿದ್ದ ಮಳೆಯನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ವಾರಕ್ಕೊಮ್ಮೆ ಮುಷ್ಟಿ ಮಣ್ಣು ಹಿಸುಕಿ ಪುಸ್ತಕಕ್ಕೂ ಮಣ್ಣಿಗೂ ತಾಳೆ ಇದೆಯಾ ನೋಡಿ. ಇಲ್ಲದಿದ್ದರೆ ಮಣ್ಣು ಹೇಳಿದ್ದೇ ಸರಿ, ಪುಸ್ತಕ ತಿದ್ದಿ.

ಡ್ರಿಪ್ಪನ್ನೂ ಅಳೆಯಿರಿ

ಪೈಪಿನ ಮೇಲೆ ತಾಸಿಗೆ 4 ಲೀಟರ್ ಅಂತ ಬರೆದಿರುತ್ತದೆ. ನಂಬಬೇಡಿ. ಡ್ರಿಪ್ಪರ್ ಕೆಳಗೆ ಸಣ್ಣ ಕುಳಿ ಮಾಡಿ ಲೀಟರಿನ ಅಳತೆ ಡಬ್ಬಿ ಇಡಿ, 15 ನಿಮಿಷ ಬಿಡಿ. 1 ಲೀಟರ್ ಬಂದರೆ ಸರಿ. ಸಾಲಿನ ಮೊದಲ ಡ್ರಿಪ್ಪರ್, ನಡುವಿನದು, ಕೊನೆಯದು ಮೂರನ್ನೂ ನೋಡಿ. ನಮ್ಮಲ್ಲಿ ಕೊನೆಯದರಿಂದ 600 ಮಿ.ಲೀ. ಬರುತ್ತಿತ್ತು. ಫಿಲ್ಟರ್ ತೊಳೆದು, ಪೈಪಿನ ತುದಿ ಬಿಚ್ಚಿ ಕಸ ಹೊರಗೆ ಬಿಟ್ಟ ಮೇಲೆ ಸರಿಹೋಯಿತು.

ಸಾಲಿಗೂ ಸಾಲಿಗೂ 1.2 ಮೀಟರ್, ಡ್ರಿಪ್ಪರಿಗೂ ಡ್ರಿಪ್ಪರಿಗೂ 40 ಸೆಂ.ಮೀ. ಇದ್ದರೆ ಒಂದೊಂದರ ಪಾಲಿಗೆ 0.48 ಚದರ ಮೀಟರ್ ನೆಲ. 4 ಭಾಗಿಸು 0.48, ತಾಸಿಗೆ 8.3 ಮಿ.ಮೀ. 4.8 ಮಿ.ಮೀ. ಮುಟ್ಟಿಸಲು, ಹತ್ತರಲ್ಲಿ ಒಂದು ಪಾಲು ಪೋಲಾಗುತ್ತದೆ ಅಂತ ಹಿಡಿದು 5.3 ಬಿಡಬೇಕು. ಅಂದರೆ ಸುಮಾರು 38 ನಿಮಿಷ. ಗರಸಿನಲ್ಲಿ ಇದನ್ನು ಬೆಳಿಗ್ಗೆ 20, ಸಂಜೆ 20 ಅಂತ ಒಡೆಯಿರಿ. ಒಂದೇ ಸಲಕ್ಕೆ ಬಿಟ್ಟರೆ ಅರ್ಧ ನೀರು ಬೇರು ದಾಟಿ ಕಲ್ಲಿನೊಳಗೆ ಹೋಗುತ್ತದೆ, ಜೊತೆಗೆ ಹಾಕಿದ ಗೊಬ್ಬರವೂ. ಕರೆಂಟು ರಾತ್ರಿ ಪಾಳಿಯಲ್ಲಿ ಬರುವ ವಾರ ಇದು ಕಷ್ಟ. ಅದಕ್ಕೆ ಮೇಲಿನ ತುಂಡಿನಲ್ಲಿ ಎತ್ತರದ ಟ್ಯಾಂಕು ಇಟ್ಟೆ. ನಿಧಾನಕ್ಕೆ ಬರುತ್ತದೆ, ಬೇಕಾದಾಗ ಬರುತ್ತದೆ.

ಮುಖ್ಯವಾದ ಮಾತು, ಎರಡೂ ತುಂಡಿಗೆ ಬೇರೆ ಬೇರೆ ವಾಲ್ವ್ ಹಾಕಿಸಿ. ಮೇಲಿನ ಎಲ್ಲ ಲೆಕ್ಕ ಒಂದೇ ವಾಲ್ವ್ ಇದ್ದರೆ ನಿಮ್ಮ ನೋಟ್‌ಬುಕ್ಕಿನಲ್ಲೇ ಉಳಿಯುತ್ತದೆ.

ಯಾವ ಉಪಕರಣ ಕೊಳ್ಳಬೇಕು

ಆನ್‌ಲೈನಿನಲ್ಲಿ ಸಿಗುವ ಎರಡು ಕಡ್ಡಿಯ, ಬ್ಯಾಟರಿ ಬೇಡದ ಅಗ್ಗದ ಮೀಟರ್ ನಾನೂ ತರಿಸಿದ್ದೆ. ಒಂದು ಲೋಟ ನಲ್ಲಿ ನೀರಿಗೆ ಉಪ್ಪು ಹಾಕಿ ಅದ್ದಿದೆ, ಮುಳ್ಳು ಪೂರ್ತಿ ಬಲಕ್ಕೆ ಹೋಯಿತು. ಬ್ಯಾಟರಿಗೆ ಹಾಕುವ ಶುದ್ಧ ನೀರಿನಲ್ಲಿ ಅದ್ದಿದೆ, ಮುಳ್ಳು ಶುರುವಿನ ಜಾಗ ಬಿಟ್ಟು ಹೆಚ್ಚುಕಡಿಮೆ ಕದಲಲೇ ಇಲ್ಲ. ನೀರಿನಲ್ಲೇ ಮುಳುಗಿದ್ದು 'ಒಣಗಿದೆ' ಅನ್ನುತ್ತದೆ! ಅದು ಅಳೆಯುವುದು ಕರಗಿದ ಉಪ್ಪಿನಲ್ಲಿ ಹರಿಯುವ ವಿದ್ಯುತ್ತನ್ನು. ಗೊಬ್ಬರ ಕೊಟ್ಟ ದಿನ ಹೊಲವೆಲ್ಲ ಹಸಿ ಅನ್ನುತ್ತದೆ. ದುಡ್ಡು ದಂಡ.

ಕೊಳ್ಳುವುದಾದರೆ ಟೆನ್ಸಿಯೋಮೀಟರ್ ಕೊಳ್ಳಿ. ಕೊಳವೆಯ ತುದಿಗೆ ಮಣ್ಣಿನ ಬಟ್ಟಲು, ಮೇಲೆ ಗಡಿಯಾರದಂಥ ಗೇಜು. ಮಣ್ಣು ಒಣಗಿದಂತೆ ಬಟ್ಟಲಿನಿಂದ ನೀರು ಎಳೆಯುತ್ತದೆ, ಗೇಜು ಆ ಎಳೆತವನ್ನು ಸೆಂಟಿಬಾರಿನಲ್ಲಿ ತೋರಿಸುತ್ತದೆ. ಬೇರು ಎಷ್ಟು ಕಷ್ಟಪಟ್ಟು ಹಿಂಡುತ್ತಿದೆ ಅನ್ನುವುದೇ ಈ ಅಂಕಿ. ಹಾಗಾಗಿ ಉಪ್ಪಿನ ಗೊಂದಲ ಇಲ್ಲ.

ಕೂರಿಸುವಾಗ ಅವಸರ ಬೇಡ. ಬಟ್ಟಲನ್ನು ಹಿಂದಿನ ರಾತ್ರಿಯೇ ನೀರಲ್ಲಿ ನೆನೆಸಿ. ಕುದಿಸಿ ಆರಿಸಿದ ನೀರು ತುಂಬಿ, ಗಾಳಿಗುಳ್ಳೆ ಇರಬಾರದು. ಕೊಳವೆಯಷ್ಟೇ ದಪ್ಪದ ತೂತು ಕೊರೆದು, ಅದೇ ಮಣ್ಣಿನ ತೆಳು ಕೆಸರು ಸುರಿದು ಬಟ್ಟಲು ಕೂರಿಸಿ. ಸುತ್ತ ಒತ್ತಿ ಸ್ವಲ್ಪ ಗುಡ್ಡೆ ಮಾಡಿ, ಇಲ್ಲದಿದ್ದರೆ ಕೊಳವೆಗುಂಟ ನೀರು ಇಳಿದು ಸುಳ್ಳು ಹೇಳುತ್ತದೆ. ಎರೆಯಲ್ಲಿ ಎರಡು ಬೇಕು, ಒಂದು 20 ಸೆಂ.ಮೀ.ಗೆ, ಇನ್ನೊಂದು 45ಕ್ಕೆ.

ಗೇಜು 10ರ ಒಳಗಿದ್ದರೆ ಮಣ್ಣು ತೊಯ್ದು ತೊಪ್ಪೆ. ಗರಸಿನಲ್ಲಿ 20-25ಕ್ಕೆ ನೀರು ಬಿಡಿ, ಎರೆಯಲ್ಲಿ 40-50ರವರೆಗೆ ಕಾಯಬಹುದು. ನೀರು ಬಿಟ್ಟ ಮರುದಿನ ಆಳದ ಗೇಜು 10ಕ್ಕಿಂತ ಕೆಳಗೆ ಬಂದರೆ ಜಾಸ್ತಿ ಬಿಟ್ಟಿದ್ದೀರಿ. ಆಳದ್ದು ವಾರಗಟ್ಟಲೆ ಏರುತ್ತಲೇ ಇದ್ದರೆ ನೀರು ಅಲ್ಲಿಗೆ ಮುಟ್ಟುತ್ತಲೇ ಇಲ್ಲ. 80ರ ಸುಮಾರಿಗೆ ಈ ಉಪಕರಣದೊಳಗೆ ಗಾಳಿ ಹೊಕ್ಕು ಕೆಲಸ ನಿಲ್ಲುತ್ತದೆ. ಪುಣೆಯೇ ಸಮುದ್ರಮಟ್ಟದಿಂದ 560 ಮೀಟರ್ ಮೇಲಿದೆ, ಸಾಸವಡ ಅದಕ್ಕಿಂತ ಎತ್ತರ. ಇಲ್ಲಿ ಗಾಳಿಯ ಒತ್ತಡ ಕಮ್ಮಿ, ಆದ್ದರಿಂದ ಆ ಮಿತಿಯೂ ಸ್ವಲ್ಪ ಮುಂಚೆಯೇ ಬರುತ್ತದೆ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಓದಿ. ನಮ್ಮ ಹುಡುಗ ಎರಡೂ ಗೇಜಿನ ಫೋಟೋ ಕಳಿಸುತ್ತಾನೆ, ನಾನು ಕಂಪನಿ ಬಸ್ಸಿನಲ್ಲಿ ಕೂತು 'ಹಾಕು' ಅಥವಾ 'ಬೇಡ' ಅನ್ನುತ್ತೇನೆ.

ಮಣ್ಣಿಗೆ ಚುಚ್ಚಿ, ಅದರ ವಿದ್ಯುತ್ ಗುಣದಿಂದ ನೀರಿನ ಪ್ರಮಾಣ ಅಂದಾಜು ಮಾಡುವ ಕೆಪ್ಯಾಸಿಟೆನ್ಸ್ ಸೆನ್ಸರ್ ಕೂಡ ಅಗ್ಗವಾಗಿದೆ, ಫೋನಿಗೇ ಅಂಕಿ ಬರುತ್ತದೆ. ಆದರೆ ನಿಮ್ಮದೇ ಮಣ್ಣಿನಲ್ಲಿ ತೂಕದ ಲೆಕ್ಕದ ಜೊತೆ ತಾಳೆ ನೋಡದೆ ಆ ಶೇಕಡಾ ಅಂಕಿಗೆ ಅರ್ಥವಿಲ್ಲ. ಎರೆಮಣ್ಣು ಬಿರುಕು ಬಿಟ್ಟು ಸೆನ್ಸರ್ ಪಕ್ಕ ಗಾಳಿ ಹೊಕ್ಕರಂತೂ ಇದ್ದಕ್ಕಿದ್ದಂತೆ ಮರುಭೂಮಿ ತೋರಿಸುತ್ತದೆ.

ಎರೆಯ ಹಟ

ಸಹ್ಯಾದ್ರಿಯ ಕಪ್ಪು ಕಲ್ಲು ಸವೆದು ಆದ ಮಣ್ಣು ಇದು. ಹಸಿಯಾದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಒಣಗಿದಾಗ ಬಿಟ್ಟ ನೀರು ಬಿರುಕಿನಲ್ಲಿ ನೇರ ಪಾತಾಳಕ್ಕೆ ಹೋಗುತ್ತದೆ, ಹೆಂಟೆಯ ಒಳಗೆ ಒಣಗೇ. ಉಬ್ಬಿದ ಮೇಲೆ ತಾಸಿಗೆ ಕೆಲವೇ ಮಿ.ಮೀ. ಇಂಗುತ್ತದೆ. ಆರಿಂಚಿನ ಪಿ.ವಿ.ಸಿ. ಪೈಪಿನ ತುಂಡು ನೆಲಕ್ಕೆ ಎರಡು ಇಂಚು ಒತ್ತಿ, ನೀರು ತುಂಬಿ, ತಾಸಿಗೆ ಎಷ್ಟು ಇಳಿಯಿತು ಸ್ಕೇಲಿಟ್ಟು ನೋಡಿ. ನಿಮ್ಮ ಡ್ರಿಪ್ ಅದಕ್ಕಿಂತ ವೇಗವಾಗಿದ್ದರೆ ನೀರು ನಿಲ್ಲುತ್ತದೆ. ನಾನು ಕೆಳಗಿನ ತುಂಡಿನಲ್ಲಿ 2 ಲೀಟರಿನ ಡ್ರಿಪ್ಪರಿಗೆ ಬದಲಾಯಿಸಿದೆ.

ಬಿರುಕು ಬಿಡುವ ಮೊದಲೇ ಎಡೆ ಹೊಡೆಯಿರಿ. ಮೇಲಿನ ಎರಡು ಇಂಚು ಪುಡಿಯಾದರೆ ಕೆಳಗಿನ ಹಸಿ ಉಳಿಯುತ್ತದೆ. ಸಾಲಿನ ನಡುವೆ ಕಬ್ಬಿನ ರವದಿ (ಒಣ ಸೋಗೆ) ಹೊದಿಸಿದರೆ ಇನ್ನೂ ಒಳ್ಳೆಯದು. ಮಳೆ ಕಮ್ಮಿ ಇರುವ ಈ ಭಾಗದಲ್ಲಿ ನಮ್ಮೂರಿನ ಚೌಕು ಮಡಿ ಚೆನ್ನಾಗಿ ನಡೆಯುತ್ತದೆ. ಮುಂಗಾರಿನಲ್ಲಿ ಹೊಲವನ್ನು ಸಣ್ಣ ಬದುವಿನ ಚೌಕಗಳಾಗಿ ಮಾಡಿ ಬಿಟ್ಟರೆ ಬಿದ್ದ ನೀರು ಬಿದ್ದಲ್ಲೇ ಇಂಗುತ್ತದೆ, ಹಿಂಗಾರಿ ಬಿಳಿಜೋಳ ಆ ಹಸಿಯ ಮೇಲೇ ಬರುತ್ತದೆ. ಇದನ್ನು ಕಟ್ಟಿದಾಗ ಅಜೋಬಾ ಮೊದಲು ನಕ್ಕರು, ಮರುವರ್ಷ ತಾವೂ ಕಟ್ಟಿದರು. ಹೀಗೆ ಲೆಕ್ಕ ಸಮ ಆಯಿತು.

ನೀರು ಜಾಸ್ತಿ ಸಿಗುವವರಿಗೆ ಒಂದು ಎಚ್ಚರಿಕೆ. 1880ರ ದಶಕದಲ್ಲಿ ನೀರಾ ಎಡದಂಡೆ ಕಾಲುವೆ ಬಂದ ಮೇಲೆ ಬಾರಾಮತಿ ಕಡೆಯ ತಗ್ಗಿನ ಎರೆಹೊಲಗಳಲ್ಲಿ ನೀರು ನಿಂತು ಸವಳಾಯಿತು. ಮೇಲೆ ಬಿಳಿ ಪದರ ಕಂಡರೆ, ಇನ್ನಷ್ಟು ನೀರು ಬಿಡುವ ಮೊದಲು ಬಸಿಗಾಲುವೆ ತೋಡಿ.

ಬೆಳೆಯ ಹೊತ್ತು

ಟೊಮೆಟೊಗೆ ಏರಿಳಿತ ಆಗದು. ಒಣಗಿಸಿ ಒಮ್ಮೆಲೇ ಬಿಟ್ಟರೆ ಹಣ್ಣು ಸೀಳುತ್ತದೆ, ಕಾಯಿಯ ತಳ ಕಪ್ಪಾಗುತ್ತದೆ. ದಾಳಿಂಬೆಯೂ ಹೀಗೇ ಬಿರಿಯುತ್ತದೆ. ಆದರೆ ಅದೇ ದಾಳಿಂಬೆಗೆ ಹೂವು ಬರಿಸುವ ಮೊದಲು ಬೇಕಂತಲೇ ನೀರು ನಿಲ್ಲಿಸಿ ಎಲೆ ಉದುರಿಸುತ್ತಾರೆ, ಇಲ್ಲಿಯ ಭಾಷೆಯಲ್ಲಿ ತಾಣ ಕೊಡುವುದು. ಗರಸಿನಲ್ಲಿ ಇದು ಬೇಗ ಆಗುತ್ತದೆ, ಎರೆಯಲ್ಲಿ ವಾರಗಟ್ಟಲೆ ತಡ, ಕಾರಣ ಮೇಲೆ ನೋಡಿದ ಆ 48 ಮತ್ತು 6. ಸಾಸವಡ ಇರುವ ಪುರಂದರ ತಾಲೂಕಿನ ಅಂಜೂರಕ್ಕೆ 2016ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ. ಅಂಜೂರಕ್ಕೂ ಬಸಿಯುವ ನೆಲವೇ ಇಷ್ಟ. ಈಗ ನನ್ನ ಮೇಲಿನ ಹತ್ತು ಗುಂಟೆಯಲ್ಲಿ ಅಂಜೂರ ಇದೆ, ಟೊಮೆಟೊ ಕೆಳಗೆ ಇಳಿದಿದೆ. ಈರುಳ್ಳಿಯಾದರೆ ಕೀಳುವ ಹತ್ತು-ಹದಿನೈದು ದಿನ ಮೊದಲು ನೀರು ನಿಲ್ಲಿಸಿ, ಇಲ್ಲದಿದ್ದರೆ ಗೋದಾಮಿನಲ್ಲಿ ಕೊಳೆಯುತ್ತದೆ.

ಹೊಲ ಇಲ್ಲ, ಪುಣೆಯ ಕೋಥರೂಡಿನ ಬಾಲ್ಕನಿಯಲ್ಲಿ ನಾಲ್ಕು ಕುಂಡ ಮಾತ್ರ ಅನ್ನುವವರಿಗೆ ಇಷ್ಟೆಲ್ಲ ಬೇಡ. ಲಗೇಜು ತೂಗುವ ಕೊಕ್ಕೆಯ ತಕ್ಕಡಿ ಇರುತ್ತದಲ್ವಾ, ಅದು ಸಾಕು. ನೀರು ಹಾಕಿ, ತಳದಿಂದ ತೊಟ್ಟಿಕ್ಕುವುದು ನಿಂತ ಮೇಲೆ ಕುಂಡ ತೂಗಿ. ಗಿಡ ಸ್ವಲ್ಪ ಸೊರಗಿದ ಬೆಳಿಗ್ಗೆ ಮತ್ತೆ ತೂಗಿ. ನಡುವಿನ ತೂಕ ಯಾವುದೋ ಅದನ್ನು ಕುಂಡದ ಮೇಲೆ ಪೆನ್ನಿನಲ್ಲಿ ಬರೆದಿಡಿ. ಅಲ್ಲಿಗೆ ಇಳಿದಾಗ ನೀರು ಹಾಕಿ. ಗಿಡ ದೊಡ್ಡದಾದಂತೆ ಅದರ ತೂಕವೂ ಸೇರುತ್ತದೆ, ತಿಂಗಳಿಗೊಮ್ಮೆ ಅಂಕಿ ಹೊಸದಾಗಿ ಬರೆಯಿರಿ.